ಅಂಜೂರದ ಮರದ ಕೆಳಗೆ



"ದೇವರು ನೋಡ್ತಾರೆ, ಜೋಕೆ!" ಎಂದು ಹೆದರಿಸಿಯೇ ಹಿರಿಯರು ನಮ್ಮನ್ನು ಬೆಳೆಸಿದರು. ಹೀಗಾಗಿ ದೇವರು ಸರ್ವಜ್ಞರು ಎಂದರೆ ನಮ್ಮ ತಪ್ಪುಗಳ ಲೆಕ್ಕ ಬರೆಯುವವರು ಎಂಬ ಅಂಜಿಕೆ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಆಗಸ್ಟ್ 24ರಂದು ಆಚರಿಸುವ ಪ್ರೇಷಿತ ಸಂತ ಬಾರ್ತೊಲೊಮಾಯರ ಹಬ್ಬದ ಶುಭಸಂದೇಶ (ಯೊವಾನ್ನ 1:45-51) ಬೇರೆಯೇ ಚಿತ್ರ ಕೊಡುತ್ತದೆ.

ಧರ್ಮಸಭೆಯ ಪರಂಪರೆಯಂತೆ ಬಾರ್ತೊಲೊಮಾಯರೇ ನತಾನಿಯೇಲ, ಕಾನಾ ಊರಿನವರು. ಫಿಲಿಪ್ಪ ಬಂದು ಯೇಸುವಿನ ವಿಷಯ ತಿಳಿಸಿದಾಗ, ನಜರೇತಿನಿಂದ ಒಳ್ಳೆಯದೇನು ಬಂದೀತು ಎಂದು ಮೂಗು ಮುರಿದರು. ಎರಡೂ ಗಲಿಲೇಯದ ಊರುಗಳೇ. ನೆರೆಯೂರಿನವರ ಮೇಲೆ ತಾತ್ಸಾರ ಎಲ್ಲಿಲ್ಲ ಹೇಳಿ! ಫಿಲಿಪ್ಪ ಕರೆಯುವ ಮುನ್ನವೇ ಅವರನ್ನು ಅಂಜೂರದ ಮರದ ಕೆಳಗೆ ಕಂಡಿದ್ದ ಯೇಸುವಿಗೆ ಈ ಮಾತು ತಿಳಿಯದೆ ಇದ್ದೀತೇ? ಆದರೂ ಸ್ವಾಮಿಯ ಬಾಯಿಂದ ಮೊದಲು ಬಂದದ್ದು, ಇವನಲ್ಲಿ ಕಪಟವಿಲ್ಲ ಎಂಬ ಮೆಚ್ಚುಗೆ. ಆ ಮರದಡಿ ನತಾನಿಯೇಲ ಪ್ರಾರ್ಥಿಸುತ್ತಿದ್ದರೋ, ಅಳುತ್ತಿದ್ದರೋ, ಶುಭಸಂದೇಶ ಹೇಳುವುದಿಲ್ಲ. ಅದು ಅವರಿಬ್ಬರಿಗೇ ಗೊತ್ತು.

ಎಲ್ಲ ತಿಳಿದಿರುವ ದೇವರಿಗೆ ಪಾಪನಿವೇದನೆ ಏಕೆ ಎಂದು ಕೆಲವರು ಕೇಳುವುದುಂಟು. 139ನೇ ಕೀರ್ತನೆಯನ್ನು ಬಿಡಿಸಿ ನೋಡಿ. ದೇವರು ತನ್ನನ್ನು ಪರೀಕ್ಷಿಸಿ ಅರಿತಿದ್ದಾರೆಂದು ಕೀರ್ತನೆಕಾರ ಮೊದಲ ವಚನದಲ್ಲೇ ಒಪ್ಪುತ್ತಾನೆ. ನಡುವೆ ಆಕಾಶ, ಪಾತಾಳ, ಕಡಲಂಚು ಎಂದು ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಎಣಿಸುತ್ತಾನೆ. ಕೊನೆಗೆ, 23ನೇ ವಚನದಲ್ಲಿ, ತನ್ನನ್ನು ಪರೀಕ್ಷಿಸಬೇಕೆಂದು ತಾನೇ ಬೇಡಿಕೊಳ್ಳುತ್ತಾನೆ. ದೇವರಿಗೆ ಇದರಿಂದ ಹೊಸದೇನೂ ತಿಳಿಯಲಿಲ್ಲ. ಅಡಗಲು ಜಾಗ ಹುಡುಕುತ್ತಿದ್ದವನು ತಾನಾಗಿ ಎದುರು ಬಂದು ನಿಂತ. ಪಾಪನಿವೇದನೆಗೆ ನಾವು ಮೊಣಕಾಲೂರುವುದೂ ಇದಕ್ಕೇ.