ಗುರುಗುಟ್ಟುವ ನಾಯಿಯನ್ನು ಗದರಿಸಬೇಡಿ

ಬಾಲ್ಯದಲ್ಲಿ ನಾನು ಓದಿದ ಮಠದ ಅಂಗಳದಲ್ಲಿ ನಾಯಿಗಳಿಗೆ ಕೊರತೆಯಿರಲಿಲ್ಲ. ದಾಸೋಹದ ಪಂಕ್ತಿ ಮುಗಿದ ಮೇಲೆ ಅವುಗಳ ಪಾಲು ಅವುಗಳಿಗೆ ಸಲ್ಲುತ್ತಿತ್ತು. ಹಗಲು ನಿದ್ರೆ, ಇರುಳು ಕಾವಲು. ಅವು ಬೊಗಳುವುದನ್ನು ಒಂದು ಸಮಸ್ಯೆಯೆಂದು ಯಾರೂ ಬಗೆದಿರಲಿಲ್ಲ. ಮಂಗಳೂರಿನ ಮಣ್ಣಗುಡ್ಡದಲ್ಲಿ, ಮೂರನೆಯ ಅಂತಸ್ತಿನ ಫ್ಲ್ಯಾಟಿನಲ್ಲಿ ಮಗನ ಸಂಸಾರದೊಡನೆ ವಾಸಿಸತೊಡಗಿದ ಮೇಲೆಯೇ, ಮೊಳದೆತ್ತರವೂ ಇಲ್ಲದ ಒಂದು ಪಾಮರೇನಿಯನ್ ನಾಯಿ ಇಡೀ ಕಟ್ಟಡದ ನೆಮ್ಮದಿಯನ್ನು ಕದಡಬಲ್ಲುದೆಂದು ನನಗೆ ತಿಳಿದುಬಂದಿತು.

ನಾವು ಪಾಮರೇನಿಯನ್ ಎನ್ನುವ ನಾಯಿಗಳಲ್ಲಿ ಹೆಚ್ಚಿನವು ವಸ್ತುತಃ ಇಂಡಿಯನ್ ಸ್ಪಿಟ್ಜ್ ತಳಿಯವು. 1994ರ ‘ಹಮ್ ಆಪ್ಕೆ ಹೈಂ ಕೌನ್’ ಚಿತ್ರದ ಟಫಿ ಇದೇ ಕುಲದ್ದು. ಪಾಮರೇನಿಯನ್ನಿಗೆ ಹೆಸರು ಬಂದುದು ಬಾಲ್ಟಿಕ್ ಕಡಲತಡಿಯ ಪಾಮರೇನಿಯಾ ಪ್ರಾಂತದಿಂದ. ಅದರ ಪೂರ್ವಜರು ಗಾತ್ರದಲ್ಲಿ ದೊಡ್ಡವು, ಕಾವಲಿಗೆ ಹೆಸರಾದವು. 1888ರಲ್ಲಿ ವಿಕ್ಟೋರಿಯಾ ರಾಣಿಯು ಇಟಲಿಯಿಂದ ಚಿಕ್ಕ ಗಾತ್ರದ ನಾಯಿಯೊಂದನ್ನು ತಂದ ಮೇಲೆ ಪುಟ್ಟ ಪಾಮರೇನಿಯನ್‌ಗಳಿಗೆ ಬೇಡಿಕೆ ಹೆಚ್ಚಿತು. ದೇಹವೇನೋ ಕುಗ್ಗಿತು, ಕಾವಲಿನ ಬುದ್ಧಿ ಕುಗ್ಗಲಿಲ್ಲ. ಕರೆಗಂಟೆ ಬಾರಿಸಿದ ಕೊರಿಯರಿನವನು ಲಕೋಟೆ ಕೊಟ್ಟು ಹೊರಟುಹೋದರೆ, ತಾನು ಬೊಗಳಿದ್ದರಿಂದಲೇ ಆತ ಹೋದನೆಂದು ಅದು ಭಾವಿಸುತ್ತದೆ. ನಾವು ಕೂಗಿ ಗದರಿಸಿದರೆ ಮನೆಯವರೂ ಜೊತೆಗೂಡಿದರೆಂದೇ ಅದರ ತಿಳಿವಳಿಕೆ!

ಇನ್ನು ನನ್ನ ತಪ್ಪನ್ನು ಹೇಳಬೇಕು. ನಮ್ಮ ‘ಪುಟ್ಟ’ ಉಣ್ಣುವಾಗ ಯಾರಾದರೂ ಬಳಿ ಬಂದರೆ ಗುರುಗುಟ್ಟುತ್ತಿತ್ತು. ಅನ್ನ ಹಾಕಿದವರ ಮೇಲೆಯೇ ಕೋಪವೇ ಎಂದು ನಾನು ಪತ್ರಿಕೆಯನ್ನು ಸುರುಳಿ ಸುತ್ತಿ ನೆಲಕ್ಕೆ ಬಡಿದು ಬೆದರಿಸತೊಡಗಿದೆ. ಕೆಲವೇ ವಾರಗಳಲ್ಲಿ ಗುರುಗುಟ್ಟುವುದು ನಿಂತಿತು. ನನಗೋ ಹೆಮ್ಮೆ. ಒಂದು ಸಂಜೆ ಎಂಟು ವರ್ಷದ ಮೊಮ್ಮಗಳು ತಟ್ಟೆಯನ್ನು ಸರಿಸಲು ಬಾಗಿದಳು. ಸದ್ದಿಲ್ಲದೆ ಕಚ್ಚಿತು.

ಗಾಯವನ್ನು ಸೋಪು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಧಾವಿಸಿದೆವು. ನಾಯಿಗೆ ಲಸಿಕೆಯಾಗಿದ್ದರೂ ಇದನ್ನು ಯಾರೂ ಕಡೆಗಣಿಸಬಾರದು. ಅಂದು ರಾತ್ರಿ ಸೊಸೆ, “ಮಾವನವರೇ, ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡೋಣ” ಎಂದಳು. ಮಗು ಕೈಗೆ ಪಟ್ಟಿ ಕಟ್ಟಿಸಿಕೊಂಡೇ ಅತ್ತಿತು, ನಾಯಿಗಾಗಿ.

ಪಶುವೈದ್ಯರು ಮೊದಲು ಹಲ್ಲು, ಕಿವಿ, ಮಂಡಿಚಿಪ್ಪುಗಳನ್ನು ಪರೀಕ್ಷಿಸಿದರು. ಸಣ್ಣ ತಳಿಗಳಲ್ಲಿ ಹಲ್ಲು ಮತ್ತು ಮಂಡಿಯ ತೊಂದರೆ ಸಾಮಾನ್ಯವಂತೆ. ನೋವೂ ಸಿಡುಕಿಗೆ ಕಾರಣವಾಗುತ್ತದೆ. ಬಳಿಕ ಅವರು ಹೇಳಿದ್ದು: ಗುರುಗುಟ್ಟುವುದು ಎಚ್ಚರಿಕೆ, ಅದನ್ನು ಅಡಗಿಸಿದರೆ ಭಯ ಅಡಗುವುದಿಲ್ಲ, ಎಚ್ಚರಿಕೆ ಮಾತ್ರ ಇಲ್ಲವಾಗುತ್ತದೆ. ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದ ಓದಿಸಿದ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ ನನಗೆ, ಮನೆಯ ನಾಯಿಯ ಗುರುಗುಟ್ಟುವಿಕೆಯೂ ಒಂದು ಮಾತೆಂದು ಹೊಳೆದಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಅದು ಉಣ್ಣುವಾಗ ಹಿರಿಯರಲ್ಲೊಬ್ಬರು ದೂರದಲ್ಲೇ ಹಾದುಹೋಗುತ್ತ ಪನೀರಿನ ಸಣ್ಣ ಚೂರೊಂದನ್ನು ಅದರತ್ತ ಎಸೆದು ಹೊರಟುಹೋಗುವುದು. ದಿನಗಳೆದಂತೆ ಒಂದೊಂದು ಹೆಜ್ಜೆ ಹತ್ತಿರ. ಬರುವ ಕೈ ಕಸಿಯುವುದಿಲ್ಲ, ಕೊಡುತ್ತದೆ ಎಂಬುದು ಅದಕ್ಕೆ ಮನವರಿಕೆಯಾಗಬೇಕು. (ಪೂಜೆಯ ಒಣದ್ರಾಕ್ಷಿಯನ್ನು ಮಾತ್ರ ಕೊಡಬೇಡಿ, ದ್ರಾಕ್ಷಿ ನಾಯಿಗೆ ವಿಷ.) ಕರೆಗಂಟೆಗೂ ಇದೇ ಉಪಾಯ: ನಾವೇ ಗಂಟೆ ಬಾರಿಸಿ, ಚಾಪೆಯ ಮೇಲೆ ಹೋಗಿ ಕುಳಿತರೆ ತಿನಿಸು. ಬೊಗಳಿದರೆ ಯಾರೂ ಅತ್ತ ನೋಡುವಂತಿಲ್ಲ. ಮೊದಲ ಕೆಲವು ದಿನ ಬೊಗಳುವುದು ಹೆಚ್ಚುತ್ತದೆ. ಅನೇಕರು ಕೈಚೆಲ್ಲುವುದು ಆಗಲೇ.

ಮಳೆಗಾಲ ನಿಜವಾದ ಪರೀಕ್ಷೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಊರಿನಲ್ಲಿ ಜೂನ್‌ನಿಂದ ನಾಯಿಗೆ ತಿರುಗಾಟವಿಲ್ಲ; ಆಡದ ಚೈತನ್ಯವೆಲ್ಲ ಗಂಟಲಿಗೆ ಬರುತ್ತದೆ. ನಾವು ಹಳೆಯ ಬಟ್ಟೆಗಳ ಮಡಿಕೆಯಲ್ಲಿ ತಿನಿಸು ಅಡಗಿಸಿ ಹುಡುಕಿಸುತ್ತೇವೆ. ಮೂಗಿಗೆ ಕೆಲಸ ಸಿಕ್ಕರೆ ಬಾಯಿಗೆ ಬಿಡುವು.

ನಿವಾಸಿಗಳ ಸಂಘವು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ನಿಜ. ಆದರೆ ರಾತ್ರಿ ಪಾಳಿ ಮುಗಿಸಿ ಮಲಗಿದ ನೆರೆಯವರ ಮುಂದೆ ಮಾರ್ಗಸೂಚಿ ಹಿಡಿದು ನಿಲ್ಲಲಾದೀತೆ? ನಾನೇ ಹೋಗಿ ಕ್ಷಮೆ ಕೇಳಿ, ಎರಡು ತಿಂಗಳ ಅವಕಾಶ ಬೇಡಿದೆ. ಕೊಟ್ಟರು.

ಈಗ ಗುರುಗುಟ್ಟುವಿಕೆ ಮರಳಿ ಬಂದಿದೆ. ಮೊನ್ನೆ ಮಲಗಿದ್ದ ಪುಟ್ಟನ ಮೈದಡವಲು ನಾನು ಕೈ ಚಾಚಿದಾಗ ಸಣ್ಣಗೆ ಸದ್ದು ಕೇಳಿಸಿತು. ಮೊಮ್ಮಗಳು ಪುಸ್ತಕದಿಂದ ತಲೆಯೆತ್ತದೆಯೇ, “ಅಜ್ಜಾ, ಅದಕ್ಕೆ ಈಗ ಬೇಡವಂತೆ” ಎಂದಳು. ನಾನು ಕೈ ಹಿಂದೆಗೆದುಕೊಂಡೆ.