'ಮೋರ್ ಬೆಟರ್' ಬೇಡ, 'ಬೆಟರ್' ಸಾಕು!

"ನಾಗಪುರ್ ಈಸ್ ಮೋರ್ ಹಾಟರ್ ದ್ಯಾನ್ ಬೆಂಗಳೂರ್" ಎಂದು ಮನೆಯ ಮಗು ಹೇಳಿದರೆ ಕೂಡಲೇ ಗದರಬೇಡಿ. ಬಿಸಿಲಿನ ಮಾತು ನಿಜವೇ; ತಪ್ಪಿರುವುದು ವ್ಯಾಕರಣದಲ್ಲಿ. ಆ ತಪ್ಪಿಗೂ ಒಂದು ಕಾರಣವಿದೆ.

ಕನ್ನಡದಲ್ಲಿ 'ಅವನಿಗಿಂತ ಎತ್ತರ', 'ಎಲ್ಲರಿಗಿಂತ ಎತ್ತರ' ಎನ್ನುತ್ತೇವೆ. 'ಎತ್ತರ' ಬದಲಾಗುವುದೇ ಇಲ್ಲ. ಇಲ್ಲಿ ನಮ್ಮ ಮಕ್ಕಳ ಕಿವಿಗೆ ಬೀಳುವ ಮರಾಠಿಯ 'ಪೇಕ್ಷಾ', ಹಿಂದಿಯ 'ಸೇ' ಕೂಡ ನಮ್ಮ 'ಗಿಂತ'ದಂತೆಯೇ. ಇಂಗ್ಲಿಷಿನಲ್ಲಾದರೋ ಗುಣವಾಚಕವೇ ರೂಪ ಬದಲಿಸುತ್ತದೆ. 'ಹಾಟರ್' ಎಂದಾಗಲೇ 'ಹೆಚ್ಚು' ಎಂಬ ಅರ್ಥ ಅದರೊಳಗೆ ಸೇರಿರುತ್ತದೆ. ಮತ್ತೆ 'ಮೋರ್' ಏಕೆ?

ಸಾಮಾನ್ಯವಾಗಿ ಚಿಕ್ಕ ಪದಗಳಿಗೆ ಟಾಲ್, ಟಾಲರ್, ಟಾಲೆಸ್ಟ್ ಎಂಬ ಕ್ರಮ. 'ಬ್ಯೂಟಿಫುಲ್'ನಂಥ ಉದ್ದ ಪದಗಳಿಗೆ ಮೋರ್, ಮೋಸ್ಟ್. ಎರಡನ್ನೂ ಒಟ್ಟಿಗೆ ಬಳಸಬಾರದು. 'ಗುಡ್, ಬೆಟರ್, ಬೆಸ್ಟ್' ಮಾತ್ರ ಬಾಯಿಪಾಠವೇ ಆಗಬೇಕು.

ಇನ್ನೊಂದು ಮಾತು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಮಹಾರಾಷ್ಟ್ರದ ಕಳಸೂಬಾಯಿಯದು 1,646 ಮೀಟರ್. ಇವೆರಡನ್ನೇ ಹೋಲಿಸುವಾಗ ಮುಳ್ಳಯ್ಯನಗಿರಿ 'ಹೈಯರ್'. ಕರ್ನಾಟಕದ ಎಲ್ಲ ಶಿಖರಗಳ ನಡುವೆ ಅದೇ 'ದ ಹೈಯೆಸ್ಟ್'.

ಹಿರಿಯರಾದ ನಾವೇನು ಕಡಿಮೆಯೇ? ಸಂಸ್ಕೃತದಿಂದ ಬಂದ 'ಶ್ರೇಷ್ಠ' ಎಂಬುದಕ್ಕೆ 'ಎಲ್ಲಕ್ಕಿಂತ ಉತ್ತಮ' ಎಂದೇ ಅರ್ಥ. ಆದರೂ ಸನ್ಮಾನಪತ್ರಗಳಲ್ಲಿ 'ಶ್ರೇಷ್ಠತಮ' ಎಂದು ಬರೆಯುತ್ತೇವೆ! 'ತರ', 'ತಮ' ಎಂಬ ಇಂಥ ಪ್ರತ್ಯಯಗಳಿಂದಲೇ 'ತಾರತಮ್ಯ' ಎಂಬ ಮಾತು ಹುಟ್ಟಿದೆ. ಆದ್ದರಿಂದ ಮಗುವನ್ನು ಅಗತ್ಯವಾಗಿ ತಿದ್ದಿ; ಆದರೆ ನಗದೆ ತಿದ್ದಿ. ನಾಲ್ಕು ಜನರೆದುರು ನಕ್ಕರೆ ಅದು ಮುಂದೆ ಬಾಯಿ ಬಿಡಲೂ ಅಂಜೀತು. ಅದು ತಂದದ್ದು ಮನೆಯ ಮಾತಿನ ಲೆಕ್ಕ, ದಡ್ಡತನವಲ್ಲ.