ಅಂಕಿತವೂ ಪ್ರಮಾಣಪತ್ರವೂ

ಕಾರ್ತೀಕ ಶುದ್ಧ ದಶಮಿಯಂದು ನಮ್ಮ ಚಿಪ್ಪಗಿರಿಯಲ್ಲಿ ಶ್ರೀ ವಿಜಯದಾಸರ ಆರಾಧನೆಯು ಜರುಗುವುದನ್ನು ಬಾಲಕ ಬಾಲಿಕೆಯರೆಲ್ಲರೂ ಬಲ್ಲರು. ೧೭೫೫ರಲ್ಲಿ ಇಲ್ಲಿಯೇ ದೇಹವಿಟ್ಟ ಆ ಮಹನೀಯರ ಕೃತಿಗಳ ಕೊನೆಯಲ್ಲಿ ‘ವಿಜಯವಿಠಲ’ ಎಂಬ ಅಂಕಿತವಿರುವುದು. ಅದನ್ನು ಪುರಂದರದಾಸರೇ ಸ್ವಪ್ನದಲ್ಲಿ ಅನುಗ್ರಹಿಸಿದರೆಂದು ಸಂಪ್ರದಾಯಜ್ಞರು ಹೇಳುವರು. ವಿಜಯದಾಸರು ತಮ್ಮ ಶಿಷ್ಯರಿಗೆ ‘ಗೋಪಾಲವಿಠಲ’ ಎಂಬ ಅಂಕಿತವನ್ನಿತ್ತರು. ಆ ಗೋಪಾಲದಾಸರ ಅನುಗ್ರಹದಿಂದ ಮಾನ್ವಿಯ ಜಗನ್ನಾಥದಾಸರು ದಾಸಪಂಥಕ್ಕೆ ಬಂದರು. ಹೀಗೆ ಒಬ್ಬರ ಮೇಲಿನ ನಂಬಿಕೆ ಮತ್ತೊಬ್ಬರಿಗೆ ಸಲ್ಲುವ ಪರಂಪರೆಯೊಂದು ಬೆಳೆಯಿತು. ಇಂದಿನ ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೇ ಪರಂಪರೆಯೊಂದುಂಟು. ಅದನ್ನು ತಿಳಿಯುವುದು ವಿದ್ಯಾರ್ಥಿಗಳಿಗೂ ಪೋಷಕರಿಗೂ ಅವಶ್ಯಕ.

ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಖಾತೆ ಇವೆಲ್ಲವೂ ಈಗ ಜಾಲತಾಣಗಳ ಮೂಲಕ ನಡೆಯುತ್ತಿವೆ. ನಾವು ಬರೆದ ಸಂಗತಿಯು ದೂರದ ಸರ್ವರನ್ನು ಮುಟ್ಟುವ ಮೊದಲು ಹಲವು ಯಂತ್ರಗಳನ್ನು ಹಾದು ಹೋಗುವುದು. ರಕ್ಷಣೆಯಿಲ್ಲದಿದ್ದರೆ ಅದು ಅಂಚೆಯ ಕಾರ್ಡಿನಂತೆ. ದಾರಿಯಲ್ಲಿ ಯಾರಾದರೂ ಓದಬಹುದು. ಆದುದರಿಂದ ಅದನ್ನು ಗೂಢಲಿಪಿಯಲ್ಲಿ ಕಳುಹಿಸಬೇಕು. ಆದರೆ ಗೂಢಲಿಪಿಯೊಂದೇ ಸಾಲದು. ಲಕೋಟೆಯನ್ನು ಎಷ್ಟು ಭದ್ರವಾಗಿ ಅಂಟಿಸಿದರೇನು, ವಂಚಕನ ವಿಳಾಸಕ್ಕೆ ಹೋದರೆ ಫಲವೇನು? ಎದುರಿಗಿರುವ ಸರ್ವರು ನಿಜವಾಗಿಯೂ ತಾನು ಹೇಳಿಕೊಳ್ಳುವ ಹೆಸರಿನದೇ ಎಂಬುದಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿಯೇ ಎಸ್‌ಎಸ್‌ಎಲ್ ಪ್ರಮಾಣಪತ್ರ. ಈ ಏರ್ಪಾಡನ್ನು ನೆಟ್‌ಸ್ಕೇಪ್ ಸಂಸ್ಥೆಯು ೧೯೯೫ರಲ್ಲಿ ಬಳಕೆಗೆ ತಂದಿತು. ೧೯೯೯ರಲ್ಲಿ ಟಿಎಲ್‌ಎಸ್ ಎಂಬ ಪರಿಷ್ಕೃತ ಕ್ರಮವು ಬಂದರೂ ಹಳೆಯ ಹೆಸರೇ ರೂಢಿಯಲ್ಲಿ ಉಳಿದಿದೆ.

ಇದರ ಮೂಲದಲ್ಲಿರುವುದು ಗಣಿತ. ೪೭ನ್ನು ೬೧ರಿಂದ ಗುಣಿಸಿದರೆ ೨೮೬೭ ಎಂದು ನೀವು ಕ್ಷಣದಲ್ಲಿ ಹೇಳುವಿರಿ. ಆದರೆ ೨೮೬೭ನ್ನು ಮಾತ್ರ ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ಬಹಳ ಹೊತ್ತು ಹುಡುಕಬೇಕಾಗುವುದು. ಆರ್‌ಎಸ್‌ಎ ಎಂಬ ವಿಧಾನದಲ್ಲಿ ಸಾಮಾನ್ಯವಾಗಿ ಬಳಸುವ ೨೦೪೮ ಬಿಟ್‌ಗಳ ಸಂಖ್ಯೆಯಲ್ಲಿ ೬೧೭ ಅಂಕಿಗಳಿರುವುವು. ಅದನ್ನು ಒಡೆಯುವುದು ಇಂದಿನ ಯಂತ್ರಗಳಿಗೂ ಅಸಾಧ್ಯ. ಈ ಬಲದಿಂದಲೇ ಎರಡು ಕೀಲಿಗಳು ಹುಟ್ಟುವುವು. ಒಂದು ಎಲ್ಲರಿಗೂ ಕೊಡತಕ್ಕ ಬಹಿರಂಗ ಕೀಲಿ. ಇನ್ನೊಂದು ಯಾರಿಗೂ ಕೊಡಬಾರದ ಖಾಸಗಿ ಕೀಲಿ. ಖಾಸಗಿ ಕೀಲಿಯಿಂದ ಹಾಕಿದ ರುಜುವನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ದಾಸರ ಅಂಕಿತಕ್ಕೂ ಇದಕ್ಕೂ ಇಲ್ಲಿ ಒಂದು ಭೇದವುಂಟು. ಕೀರ್ತನೆಯ ನಡುವೆ ಯಾರಾದರೂ ಒಂದು ಸಾಲನ್ನು ಬದಲಿಸಿದರೂ ಅಂಕಿತವು ಹಾಗೆಯೇ ಉಳಿಯುವುದು. ಈ ರುಜುವಾದರೋ ಒಂದಕ್ಷರ ಬದಲಾದರೂ ಹೊಂದದೆ ಹೋಗುವುದು.

ಶಾಲೆಯೊಂದು ಲಿನಕ್ಸ್ ಸರ್ವರಿನಲ್ಲಿ ತನ್ನದೇ ಜಾಲತಾಣವನ್ನು ನಡೆಸುವುದೆಂದು ಭಾವಿಸೋಣ. ಮೊದಲು ಓಪನ್‌ಎಸ್‌ಎಸ್‌ಎಲ್ ಎಂಬ ಸಾಧನದಿಂದ ಆ ಸರ್ವರಿನಲ್ಲಿಯೇ ಖಾಸಗಿ ಕೀಲಿಯನ್ನು ಸೃಷ್ಟಿಸಬೇಕು. ಎರಡನೆಯದಾಗಿ, ಜಾಲತಾಣದ ಹೆಸರು ಮತ್ತು ಬಹಿರಂಗ ಕೀಲಿಯನ್ನೊಳಗೊಂಡ ಮನವಿಯೊಂದನ್ನು ಸಿದ್ಧಗೊಳಿಸಿ ಪ್ರಮಾಣಪತ್ರ ನೀಡುವ ಪ್ರಾಧಿಕಾರಕ್ಕೆ ಕಳುಹಿಸಬೇಕು. ಖಾಸಗಿ ಕೀಲಿಯನ್ನು ಮಾತ್ರ ಕಳುಹಿಸಕೂಡದು. ಆ ಹೆಸರು ನಮ್ಮ ಅಧೀನದಲ್ಲಿಯೇ ಇದೆಯೆಂದು ಪ್ರಾಧಿಕಾರವು ಪರೀಕ್ಷಿಸಿ, ತನ್ನ ರುಜು ಹಾಕಿ ಪ್ರಮಾಣಪತ್ರವನ್ನು ಕೊಡುವುದು. ಮೂರನೆಯದಾಗಿ, ಈ ಪತ್ರವನ್ನು ನಡುವಿನ ಪ್ರಾಧಿಕಾರದ ಪತ್ರದೊಡನೆ ಸರ್ವರಿನಲ್ಲಿಟ್ಟು, ಅಪಾಚೆ ಅಥವಾ ಎಂಜಿನ್‌ಎಕ್ಸ್ ತಂತ್ರಾಂಶಕ್ಕೆ ಅವುಗಳ ಸ್ಥಾನವನ್ನು ತಿಳಿಸಬೇಕು. ನಡುವಿನ ಪತ್ರವನ್ನು ಮರೆತರೆ ಪರಂಪರೆಯ ಕೊಂಡಿಯೊಂದು ತಪ್ಪಿ, ಕೆಲವು ಬ್ರೌಸರುಗಳಲ್ಲಿ ತಾಣವು ತೆರೆದು ಕೆಲವುಗಳಲ್ಲಿ ಎಚ್ಚರಿಕೆ ಬರುವುದು. ಖಾಸಗಿ ಕೀಲಿಯ ಕಡತವನ್ನು ‘ರೂಟ್’ ಎಂಬ ಮುಖ್ಯ ಅಧಿಕಾರಿಯ ಹೊರತು ಬೇರಾರೂ ಓದದಂತೆ ಕಟ್ಟು ಮಾಡಬೇಕು. ಕೊನೆಗೆ, ಬರೆದ ವಿಧಿಗಳಲ್ಲಿ ತಪ್ಪಿಲ್ಲವೆಂದು ಪರೀಕ್ಷಿಸಿ ತಂತ್ರಾಂಶಕ್ಕೆ ಅವನ್ನು ಮತ್ತೆ ಓದಿಸಬೇಕು.

ಹಣವಿಲ್ಲದ ಶಾಲೆಗಳು ಹಿಂಜರಿಯಬೇಕಾಗಿಲ್ಲ. ೨೦೧೫ರ ಡಿಸೆಂಬರಿನಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಪ್ರಾಧಿಕಾರವು ಸಾರ್ವಜನಿಕರಿಗೆ ಪ್ರಮಾಣಪತ್ರಗಳನ್ನು ಧರ್ಮಾರ್ಥವಾಗಿ ನೀಡುತ್ತಿದೆ. ಅದು ಆರಂಭದಲ್ಲಿ ಗೊತ್ತುಮಾಡಿದ ಅವಧಿಯು ೯೦ ದಿನಗಳು. ಅವಧಿ ತೀರುವ ಮುನ್ನ ತಾನಾಗಿಯೇ ನವೀಕರಣವಾಗುವಂತೆ ಸರ್ವರಿನಲ್ಲಿ ಏರ್ಪಡಿಸಬಹುದು. ನಮ್ಮ ಪತ್ರಕ್ಕೆ ನಾವೇ ರುಜು ಹಾಕಿಕೊಳ್ಳುವುದೂ ಸಾಧ್ಯ. ಆದರೆ ಅದು ತನ್ನ ಅಂಕಿತವನ್ನು ತಾನೇ ಇಟ್ಟುಕೊಂಡಂತೆ. ಹೊರಗಿನ ಬ್ರೌಸರುಗಳು ಅದನ್ನು ಮನ್ನಿಸವು.

ಪ್ರಾಧಿಕಾರಗಳೇ ಎಡವಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಭಾರತ ಸರಕಾರವು ಇಂತಹ ಪ್ರಾಧಿಕಾರಗಳ ಮೇಲೆ ನಿಯಂತ್ರಕರನ್ನು ನೇಮಿಸಿದೆ. ೨೦೧೪ರ ಜುಲೈ ೨ರಂದು, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಾಧಿಕಾರದಿಂದ ಗೂಗಲ್ ಸಂಸ್ಥೆಯ ಹೆಸರುಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿರುವುದು ಆ ಸಂಸ್ಥೆಯ ಗಮನಕ್ಕೆ ಬಂದಿತು. ಮರುದಿನವೇ ನಿಯಂತ್ರಕರು ಆ ಕೇಂದ್ರದ ಮಧ್ಯಂತರ ಪತ್ರಗಳೆಲ್ಲವನ್ನೂ ರದ್ದುಪಡಿಸಿದರು. ಪರಂಪರೆಯ ಒಂದು ಕೊಂಡಿ ಸಡಿಲಿದರೆ ಅದನ್ನಾಶ್ರಯಿಸಿದ ಪತ್ರಗಳೆಲ್ಲವೂ ಬೆಲೆ ಕಳೆದುಕೊಳ್ಳುವುವು.

ಪೋಷಕರು ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಹಣ ಅಥವಾ ಗುರುತಿನ ಸಂಖ್ಯೆಯನ್ನು ಕೇಳುವ ತಾಣದಲ್ಲಿ ಬ್ರೌಸರು ಎಚ್ಚರಿಕೆ ಕೊಟ್ಟರೆ, ಅದನ್ನು ದಾಟಿ ಮುಂದೆ ಹೋಗಬಾರದು. ಎಚ್ಚರಿಕೆಯಿಲ್ಲದಿದ್ದರೂ ತಾಣದ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಬೇಕು. ಏಕೆಂದರೆ ಪ್ರಮಾಣಪತ್ರವು ಹೆಸರಿಗೆ ಸಾಕ್ಷಿಯೇ ಹೊರತು ನಡತೆಗೆ ಸಾಕ್ಷಿಯಲ್ಲ. ಹೋಲುವ ಹೆಸರೊಂದನ್ನು ಕೊಂಡ ವಂಚಕನಿಗೂ ಆ ಹೆಸರಿನ ಪತ್ರವು ದೊರೆಯಬಲ್ಲುದು. ಯಂತ್ರವು ಹೆಸರನ್ನು ಪರೀಕ್ಷಿಸಿಕೊಡುವುದು; ಆ ಹೆಸರಿನವನು ನಂಬಿಕೆಗೆ ಯೋಗ್ಯನೇ ಎಂಬ ವಿವೇಚನೆಯು ಎಂದೆಂದಿಗೂ ಮನುಷ್ಯನದೇ.